ರುಬೊಂಡೊ: ಮನುಷ್ಯರು ತಂದು ಬಿಟ್ಟ ಕಾಡುಪ್ರಾಣಿಗಳ ದ್ವೀಪ

ತಾಂಜಾನಿಯಾಕ್ಕೆ ಹೋಗುವ ಪ್ರವಾಸಿಗರಲ್ಲಿ ಬಹುಪಾಲು ಜನ ಸೆರೆಂಗೆಟಿಯ ಹುಲ್ಲುಗಾವಲು, ಗೊರೊಂಗೊರೊ ಕುಳಿ ಮತ್ತು ಕಿಲಿಮಂಜಾರೊ ಪರ್ವತವನ್ನು ನೋಡಿ ಹಿಂತಿರುಗುತ್ತಾರೆ. ಅದೇ ದೇಶದ ವಾಯವ್ಯದಲ್ಲಿ, ವಿಕ್ಟೋರಿಯಾ ಸರೋವರದ ನೈಋತ್ಯ ಮೂಲೆಯಲ್ಲಿರುವ ರುಬೊಂಡೊ ದ್ವೀಪದವರೆಗೆ ಹೋಗುವವರು ತೀರಾ ಕಡಿಮೆ. ಹೋದವರು ಅಲ್ಲಿ ಕಾಣುವುದು ಆಫ್ರಿಕಾದ ಬೇರೆ ಯಾವ ಅಭಯಾರಣ್ಯದಲ್ಲೂ ಒಟ್ಟಿಗೆ ಸಿಗದ ಜೋಡಣೆ: ದಟ್ಟ ಕಾಡಿನ ನಡುವೆ ಜಿರಾಫೆ, ಅದೇ ಕಾಡಿನ ಮರದ ತುದಿಯಲ್ಲಿ ಚಿಂಪಾಂಜಿ, ದಡದ ಜೊಂಡಿನಲ್ಲಿ ಮೊಸಳೆ, ನಡುನಡುವೆ ಆನೆ. ಸಿಂಹ, ಚಿರತೆ, ಕತ್ತೆಕಿರುಬಗಳ ಸುಳಿವೇ ಇಲ್ಲ. ಈ ಜೋಡಣೆ ನಿಸರ್ಗದಲ್ಲಿ ತಾನಾಗಿ ಆದದ್ದೆಂದು ತಿಳಿದು ದ್ವೀಪವನ್ನು ಸುತ್ತಿದರೆ ಅಲ್ಲಿನ ಮುಖ್ಯ ಸಂಗತಿಯೇ ಕೈತಪ್ಪಿಹೋಗುತ್ತದೆ. ಇಲ್ಲಿರುವ ಪ್ರಾಣಿಗಳಲ್ಲಿ ಯಾವುವು ಮೊದಲಿನಿಂದಲೂ ಇದ್ದವು, ಯಾವುವನ್ನು ಹೊರಗಿನಿಂದ ದೋಣಿಯಲ್ಲಿ ತಂದು ಬಿಡಲಾಯಿತು, ತಂದವುಗಳಲ್ಲಿ ಯಾವುವು ಉಳಿದವು ಎಂಬುದನ್ನು ತಿಳಿದು ಹೋದವರಿಗೆ ಮಾತ್ರ ರುಬೊಂಡೊ ಅರ್ಥವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸರೋವರದ ವಿಷಯ. ವಿಕ್ಟೋರಿಯಾ ಸರೋವರದ ವಿಸ್ತೀರ್ಣ ಸುಮಾರು 68,800 ಚದರ ಕಿಲೋಮೀಟರ್. ತಾಂಜಾನಿಯಾ, ಉಗಾಂಡ ಮತ್ತು ಕೀನ್ಯಾ ಅದನ್ನು ಹಂಚಿಕೊಂಡಿವೆ. ಇಷ್ಟು ವಿಶಾಲವಾಗಿದ್ದರೂ ಅದರ ಅತಿ ಹೆಚ್ಚಿನ ಆಳ ಸುಮಾರು 80 ಮೀಟರ್ ಮಾತ್ರ. ಪಶ್ಚಿಮಕ್ಕಿರುವ ಟಾಂಗನಿಕಾ ಸರೋವರ 1,400 ಮೀಟರಿಗೂ ಹೆಚ್ಚು ಆಳವಾಗಿರುವುದನ್ನು ನೆನೆದರೆ ವಿಕ್ಟೋರಿಯಾ ಎಷ್ಟು ತೆಳುವಾಗಿ ಹರಡಿದ ನೀರು ಎಂಬುದು ತಿಳಿಯುತ್ತದೆ. ತಳದ ಕೆಸರನ್ನು ಕೊರೆದು ಪರೀಕ್ಷಿಸಿದ ವಿಜ್ಞಾನಿಗಳು, ಹಿಮಯುಗದ ಕೊನೆಯ ಹಂತದ ಒಣ ಹವೆಯಲ್ಲಿ ಈ ಸರೋವರ ಬಹುಮಟ್ಟಿಗೆ ಬತ್ತಿಹೋಗಿತ್ತೆಂದೂ ಸುಮಾರು 15,000 ವರ್ಷಗಳ ಹಿಂದೆ ಮತ್ತೆ ತುಂಬಿಕೊಂಡಿತೆಂದೂ ಕಂಡುಕೊಂಡಿದ್ದಾರೆ. ನೀರು ಇಳಿದಿದ್ದ ಆ ಕಾಲದಲ್ಲಿ ಇಂದಿನ ದ್ವೀಪಗಳೆಲ್ಲ ಬಯಲಿನ ನಡುವಿನ ಗುಡ್ಡಗಳಾಗಿದ್ದವು. ರುಬೊಂಡೊದ ಏರುತಗ್ಗಿನ ಮೇಲ್ಮೈಯಲ್ಲಿ ಅದರ ಗುರುತು ಇಂದಿಗೂ ಉಂಟು: ಸರೋವರದ ಮಟ್ಟ ಸಮುದ್ರದಿಂದ ಸುಮಾರು 1,134 ಮೀಟರ್ ಎತ್ತರದಲ್ಲಿದ್ದರೆ, ದಕ್ಷಿಣದ ಮಾಸಾ ಗುಡ್ಡಗಳ ನೆತ್ತಿ 1,486 ಮೀಟರ್ ಮುಟ್ಟುತ್ತದೆ.

ರಾಷ್ಟ್ರೀಯ ಉದ್ಯಾನದ ಒಟ್ಟು ವಿಸ್ತೀರ್ಣ ಸುಮಾರು 457 ಚದರ ಕಿಲೋಮೀಟರ್. ಅದರಲ್ಲಿ ನೆಲವಿರುವುದು ಸುಮಾರು 240 ಚದರ ಕಿಲೋಮೀಟರ್ ಮಾತ್ರ; ಉಳಿದದ್ದು ನೀರು. ಉತ್ತರ ದಕ್ಷಿಣವಾಗಿ ಚಾಚಿಕೊಂಡ ಮುಖ್ಯ ದ್ವೀಪದ ಜೊತೆಗೆ ಹತ್ತಾರು ಸಣ್ಣ ದ್ವೀಪಗಳೂ ಈ ಗಡಿಯೊಳಗೆ ಬರುತ್ತವೆ. ನೆಲದ ಬಹುಭಾಗ ಬಳ್ಳಿಗಳು ಹೆಣೆದುಕೊಂಡ ಕಾಡು. ಕೆಲವು ಕಡೆ ಜಾಲಿ ಜಾತಿಯ ಮರಗಳ ಹುಲ್ಲುಬಯಲು, ದಡದುದ್ದಕ್ಕೂ ಪಪೈರಸ್ ಜೊಂಡಿನ ಜೌಗು. ಇಷ್ಟು ಸಣ್ಣ ನೆಲದಲ್ಲಿ ಸಿಂಹದಂತಹ ದೊಡ್ಡ ಬೇಟೆಪ್ರಾಣಿಯ ಸಂತತಿ ತಲೆಮಾರುಗಟ್ಟಲೆ ಉಳಿಯುವುದು ಕಷ್ಟ. ದೊಡ್ಡ ಬೇಟೆಪ್ರಾಣಿಗಳಿಲ್ಲದ ಈ ಸ್ಥಿತಿಯೇ ಮುಂದೆ ದ್ವೀಪದ ಭವಿಷ್ಯವನ್ನು ನಿರ್ಧರಿಸಿತು.

1960ರ ದಶಕದ ಆರಂಭದಲ್ಲಿ ಆಗಷ್ಟೇ ಸ್ವತಂತ್ರವಾಗಿದ್ದ ತಾಂಜಾನಿಯಾದ ಮುಖ್ಯನೆಲದಲ್ಲಿ ಕಳ್ಳಬೇಟೆ ಹೆಚ್ಚುತ್ತಿತ್ತು, ಹೊಲಗಳು ಕಾಡಿನೊಳಕ್ಕೆ ಚಾಚಿಕೊಳ್ಳುತ್ತಿದ್ದವು. ನೀರೇ ಬೇಲಿಯಾಗಿರುವ, ಬೇಟೆಗಾರರಿಗೆ ಸುಲಭವಾಗಿ ಎಟುಕದ ದ್ವೀಪವೊಂದರಲ್ಲಿ ಅಪಾಯಕ್ಕೆ ಸಿಲುಕಿದ ಪ್ರಾಣಿಗಳನ್ನು ಇಟ್ಟು ಬೆಳೆಸಬಹುದು ಎಂಬ ಆಲೋಚನೆ ಆಗ ಬಲವಾಗಿತ್ತು. ಅದನ್ನು ಮುಂದೊತ್ತಿದವರಲ್ಲಿ ಪ್ರಮುಖರು ಜರ್ಮನಿಯ ಪ್ರಾಣಿವಿಜ್ಞಾನಿ, ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕ ಬರ್ನ್‌ಹಾರ್ಡ್ ಗ್ರ್ಜಿಮೆಕ್. ಸೆರೆಂಗೆಟಿಯ ಉಳಿವಿಗಾಗಿ ದುಡಿದು ಆ ಹೊತ್ತಿಗೆ ಅವರು ಜಗತ್ಪ್ರಸಿದ್ಧರಾಗಿದ್ದರು. 1965ರಲ್ಲಿ ರುಬೊಂಡೊ ಬೇಟೆನಿಷೇಧಿತ ಮೀಸಲು ಪ್ರದೇಶವಾಯಿತು. 1977ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ದ್ವೀಪ ಆಗ ಜನರಿಲ್ಲದ ಜಾಗವಾಗಿರಲಿಲ್ಲ ಎಂಬುದನ್ನು ಪ್ರವಾಸದ ಕೈಪಿಡಿಗಳು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಮೀನು ಹಿಡಿದು, ಸಣ್ಣ ಹೊಲಗಳನ್ನು ಮಾಡಿಕೊಂಡು, ಬಾಳೆ ಬೆಳೆದು ಬದುಕುತ್ತಿದ್ದ ನೂರಾರು ಜನರನ್ನು ಸುತ್ತಲಿನ ದ್ವೀಪಗಳಿಗೂ ಮುಖ್ಯನೆಲಕ್ಕೂ ಸ್ಥಳಾಂತರಿಸಿದ ಮೇಲೆಯೇ ರುಬೊಂಡೊ ಪ್ರಾಣಿಗಳ ಪಾಲಾಯಿತು. ಇಂದು ನಿರ್ಜನವೆಂದು ನಾವು ಮೆಚ್ಚುವ ಆ ದಡಗಳಲ್ಲಿ ಒಂದು ಕಾಲಕ್ಕೆ ದೋಣಿಗಳು ನಿಲ್ಲುತ್ತಿದ್ದವು. ಅಭಯಾರಣ್ಯಕ್ಕಾಗಿ ಊರು ಬಿಟ್ಟವರ ಪಾಡು ನಾಗರಹೊಳೆಯ ಹಾಡಿಗಳ ಕಥೆ ಬಲ್ಲ ನಮ್ಮ ಓದುಗರಿಗೆ ಹೊಸದೇನಲ್ಲ.

ಇನ್ನು ಚಿಂಪಾಂಜಿಗಳು. ರುಬೊಂಡೊದ ಹೆಸರು ವಿಜ್ಞಾನದ ಬರಹಗಳಲ್ಲಿ ಉಳಿದಿರುವುದು ಮುಖ್ಯವಾಗಿ ಇವುಗಳಿಂದ. 1966ರಿಂದ 1969ರ ನಡುವೆ ನಾಲ್ಕು ತಂಡಗಳಲ್ಲಿ ಒಟ್ಟು 17 ಚಿಂಪಾಂಜಿಗಳನ್ನು ಇಲ್ಲಿ ಬಿಡಲಾಯಿತು. ಇವು ಹುಟ್ಟಿದ್ದು ಆಫ್ರಿಕಾದ ಕಾಡಿನಲ್ಲೇ ಆದರೂ ಎಳವೆಯಲ್ಲೇ ಸೆರೆ ಸಿಕ್ಕು ಯೂರೋಪಿನ ಮೃಗಾಲಯಗಳಲ್ಲೂ ಸರ್ಕಸ್ಸುಗಳಲ್ಲೂ ಬೆಳೆದಿದ್ದವು. ಕೆಲವು ಕೆಲವೇ ತಿಂಗಳು ಪಂಜರದಲ್ಲಿದ್ದರೆ, ಕೆಲವು ಒಂಬತ್ತು ವರ್ಷಗಳವರೆಗೆ ಇದ್ದವು. ಇಂದು ಸೆರೆಯ ವಾನರವೊಂದನ್ನು ಕಾಡಿಗೆ ಬಿಡುವ ಮುನ್ನ ವರ್ಷಗಟ್ಟಲೆ ತರಬೇತಿ, ರೋಗಪರೀಕ್ಷೆ, ಗುಂಪು ಕಟ್ಟಿಸುವ ಕೆಲಸ ನಡೆಯುತ್ತದೆ. ಆಗ ಅಂತಹ ಯಾವ ತಯಾರಿಯೂ ಇರಲಿಲ್ಲ. ಪೆಟ್ಟಿಗೆಗಳನ್ನು ದಡದಲ್ಲಿಳಿಸಿ ಬಾಗಿಲು ತೆರೆದರು. ಪ್ರಾಣಿಗಳು ಕಾಡು ಹೊಕ್ಕವು.

ಆರಂಭ ಸುಗಮವಾಗಿರಲಿಲ್ಲ. ಮನುಷ್ಯರ ಕೈಯಿಂದಲೇ ತಿಂದು ಬೆಳೆದಿದ್ದ ಪ್ರಾಣಿಗಳು ಆಹಾರ ಹುಡುಕಿಕೊಂಡು ಮತ್ತೆ ಮನುಷ್ಯರ ಬಳಿಗೇ ಬಂದವು, ಕೆಲವು ಜನರ ಮೇಲೆ ದಾಳಿ ಮಾಡಿದವು, ಹಾಗೆ ದಾಳಿಗಿಳಿದ ಗಂಡುಗಳನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು. ಆದರೆ ಉಳಿದವು ಸುಮಾರು ಒಂದು ವರ್ಷದೊಳಗೆ ಕಾಡಿನ ಹಣ್ಣು, ಎಲೆ, ಚಿಗುರುಗಳನ್ನು ತಾವೇ ಹುಡುಕಿ ತಿನ್ನಲು ಕಲಿತವು. ರಾತ್ರಿ ಮಲಗಲು ಮರದ ಮೇಲೆ ಗೂಡು ಕಟ್ಟತೊಡಗಿದವು. ಗೂಡಿನ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಚಿಂಪಾಂಜಿ ಪ್ರತಿ ಸಂಜೆ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ: ಗಟ್ಟಿಯಾದ ಕವಲೊಂದರಲ್ಲಿ ಕುಳಿತು ಸುತ್ತಲಿನ ಕೊಂಬೆಗಳನ್ನು ತನ್ನತ್ತ ಬಾಗಿಸಿ, ಕಾಲಿನಡಿ ಒತ್ತಿ ಹಿಡಿದು, ಒಂದರ ಮೇಲೊಂದು ಹೆಣೆದು, ಕೊನೆಗೆ ಎಲೆ ತುಂಬಿದ ಸಣ್ಣ ರೆಂಬೆಗಳನ್ನು ಮೇಲೆ ಹಾಸುತ್ತದೆ. ಈ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಹುಟ್ಟಿನಿಂದಲೇ ಪೂರ್ತಿಯಾಗಿ ಬರುವ ವಿದ್ಯೆ ಅದಲ್ಲ. ಮರಿಗಳು ತಾಯಿಯ ಗೂಡಿನಲ್ಲಿ ಮಲಗಿ, ನೋಡಿ, ಆಡುತ್ತಾ ವರ್ಷಗಟ್ಟಲೆ ಕಲಿಯುತ್ತವೆ. ಪಂಜರದ ನೆಲದ ಮೇಲೆ ವರ್ಷಗಳನ್ನು ಕಳೆದಿದ್ದ ಪ್ರಾಣಿಗಳಿಗೆ ಅದು ಸಾಧ್ಯವಾಯಿತೆಂದರೆ, ಸೆರೆ ಸಿಕ್ಕುವ ಮೊದಲು ತಾಯಿಯೊಡನೆ ಕಳೆದ ಕಾಡಿನ ದಿನಗಳು ಅವುಗಳೊಳಗೆ ಅಳಿಯದೆ ಉಳಿದಿದ್ದವು ಎಂದೇ ತಿಳಿಯಬೇಕಾಗುತ್ತದೆ.

1968ರಲ್ಲೇ ದ್ವೀಪದಲ್ಲಿ ಮರಿ ಹುಟ್ಟಿತು. 1980ರ ದಶಕದ ಮಧ್ಯಭಾಗದ ಹೊತ್ತಿಗೆ ಅವುಗಳ ಸಂಖ್ಯೆ ಸುಮಾರು 20ಕ್ಕೆ ಬಂದು ನಿಂತಿತ್ತು. ಇಂದು ಅದು ಹಲವು ಡಜನ್‌ಗಳಷ್ಟಾಗಿದೆ. ದ್ವೀಪದಲ್ಲೇ ಹುಟ್ಟಿದ ಪೀಳಿಗೆಗಳಿಗೆ ಮನುಷ್ಯನ ಅವಲಂಬನೆಯ ನೆನಪೇ ಇಲ್ಲದ್ದರಿಂದ ಅವು ನಮ್ಮನ್ನು ಕಂಡರೆ ಓಡುವ ನಿಜವಾದ ಕಾಡುಪ್ರಾಣಿಗಳಾದವು. ಅವು ತಿನ್ನುವ ಹಣ್ಣುಗಳಲ್ಲಿ ಕಾಡಿನ ದಪ್ಪ ಬಳ್ಳಿಗಳ ಹಣ್ಣಿಗೆ, ಅದರಲ್ಲೂ ಸಾಬಾ ಎಂಬ ಬಳ್ಳಿಯ ಹಣ್ಣಿಗೆ ದೊಡ್ಡ ಸ್ಥಾನವಿದೆ. ಸೆರೆಯಿಂದ ಬಿಡುಗಡೆಯಾದ ವಾನರಗಳು ಮನುಷ್ಯರ ನೆರವಿಲ್ಲದೆ ದಶಕಗಟ್ಟಲೆ ತಾವೇ ಬದುಕಿ ವೃದ್ಧಿಸಿದ ಉದಾಹರಣೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇದೇ ಸರೋವರದ ಉಗಾಂಡ ಭಾಗದಲ್ಲಿ 1998ರಲ್ಲಿ ಆರಂಭವಾದ ಗಾಂಬಾ ದ್ವೀಪದ ಚಿಂಪಾಂಜಿ ಆಶ್ರಯಧಾಮವಿದೆ. ಅದರ ವಿಸ್ತೀರ್ಣ ಸುಮಾರು 40 ಹೆಕ್ಟೇರ್. ಅಷ್ಟು ಕಾಡು ಅಲ್ಲಿನ ಸುಮಾರು 50 ಚಿಂಪಾಂಜಿಗಳ ಹೊಟ್ಟೆ ತುಂಬಿಸಲಾರದು, ಆದ್ದರಿಂದ ದಿನವೂ ಆಹಾರ ಕೊಡಬೇಕಾಗುತ್ತದೆ. ರುಬೊಂಡೊದಲ್ಲಿ ಕಾಡೇ ಅಷ್ಟನ್ನೂ ಕೊಡುತ್ತದೆ. ಚಿಂಪಾಂಜಿಗಳು ಈಜಲಾರವು ಎಂಬ ಒಂದೇ ಕಾರಣದಿಂದ ಎರಡೂ ಕಡೆ ದ್ವೀಪವನ್ನು ಆರಿಸಿಕೊಂಡರೂ, ಒಂದು ಆಶ್ರಯಧಾಮವಾಗಿಯೂ ಇನ್ನೊಂದು ಕಾಡಾಗಿಯೂ ಉಳಿದಿರುವುದಕ್ಕೆ ಮುಖ್ಯ ಕಾರಣ ನೆಲದ ವಿಸ್ತಾರ.

ಈ ಯಶಸ್ಸಿಗೆ ಇನ್ನೊಂದು ಮುಖವಿದೆ. ತಾಂಜಾನಿಯಾದಲ್ಲಿ ಸಹಜವಾಗಿರುವ ಚಿಂಪಾಂಜಿಗಳು, ಎಂದರೆ ಟಾಂಗನಿಕಾ ಸರೋವರದ ದಡದ ಗೊಂಬೆ ಮತ್ತು ಮಹಾಲೆ ಕಾಡುಗಳಲ್ಲಿರುವವು, ಪೂರ್ವ ಆಫ್ರಿಕಾದ ಉಪಪ್ರಭೇದಕ್ಕೆ ಸೇರಿದವು. ರುಬೊಂಡೊಗೆ ಬಂದವುಗಳ ಮೂಲ ಬಹುಮಟ್ಟಿಗೆ ಪಶ್ಚಿಮ ಆಫ್ರಿಕಾ. ಅಂದರೆ ಇವು ತಮ್ಮ ತವರಿಗೆ ಮರಳಿದವುಗಳಲ್ಲ; ಖಂಡದ ಇನ್ನೊಂದು ಬದಿಯ, ತಮ್ಮ ಜಾತಿಯೇ ಇಲ್ಲದ ದ್ವೀಪದಲ್ಲಿ ನೆಲೆಗೊಂಡವು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ದೊಡ್ಡ ವಾನರಗಳ ಮರುಸ್ಥಾಪನೆಗೆ 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳ ಕಣ್ಣಿನಿಂದ ನೋಡಿದರೆ, 1966ರ ಈ ಕೆಲಸಕ್ಕೆ ಇಂದು ಅನುಮತಿ ಸಿಗುವುದು ಕಷ್ಟ. ಹಾಗೆಂದು ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆದು ತಳ್ಳಿಹಾಕುವುದು ಸರಿಯೆಂದು ನನಗನ್ನಿಸುವುದಿಲ್ಲ. ಇಂದಿನ ಮಾರ್ಗಸೂಚಿಗಳ ಹಿಂದೆ ಇಂತಹ ಪ್ರಯೋಗಗಳ ಅನುಭವವೂ ಇದೆ.

ತಂದ ಪ್ರಾಣಿಗಳೆಲ್ಲ ಚಿಂಪಾಂಜಿಗಳಂತೆ ಉಳಿಯಲಿಲ್ಲ. ಮುಖ್ಯನೆಲದಿಂದ ತಂದ 16 ಕರಿ ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾಗಿ ಇಲ್ಲವಾದವು. ಯಾವ ಅಪಾಯದಿಂದ ಕಾಪಾಡಲು ನೀರಿನ ಬೇಲಿ ಹುಡುಕಿದ್ದರೋ ಅದೇ ಅಪಾಯ ದೋಣಿ ಹತ್ತಿ ಬಂದಿತ್ತು. ಕೊಂಬಿಗೆ ಬೆಲೆ ಏರಿದಾಗ ನೀರು ಅಡ್ಡಿಯಾಗುವುದಿಲ್ಲ, ಕಾವಲು ಬೇಕು ಎಂಬುದು ಆಗ ಸ್ಪಷ್ಟವಾಯಿತು. ರೋನ್ ಎಂಬ ದೊಡ್ಡ ಜಿಂಕೆಯೂ ಉಳಿಯಲಿಲ್ಲ. ಕಪ್ಪುಬಿಳುಪಿನ ಕೊಲೊಬಸ್ ಕೋತಿಗಳೂ ಸುನಿ ಎಂಬ ಪುಟ್ಟ ಜಿಂಕೆಗಳೂ ನೆಲೆಯೂರಿದವು. 2000ರಲ್ಲಿ, ಅಕ್ರಮ ಸಾಗಣೆದಾರರಿಂದ ವಶಪಡಿಸಿಕೊಂಡ ಬೂದು ಗಿಣಿಗಳನ್ನೂ ಇಲ್ಲೇ ತಂದು ಬಿಟ್ಟರು. ಮಾತು ಕಲಿಯುತ್ತವೆ ಎಂಬ ಕಾರಣಕ್ಕೇ ಪಂಜರ ಸೇರುವ ಈ ಗಿಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಪೂರ್ಣ ತಡೆ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, 2017ರಲ್ಲಿ.

ಹೆಚ್ಚು ಯೋಚಿಸಬೇಕಾದದ್ದು ಜಿರಾಫೆ ಮತ್ತು ಆನೆಗಳ ವಿಷಯ. 1960ರ ದಶಕದ ನಡುವಿನಲ್ಲಿ ಬಂದ 12 ಜಿರಾಫೆಗಳೂ 1970ರ ದಶಕದ ಆರಂಭದಲ್ಲಿ ಬಂದ 6 ಆನೆಗಳೂ ಇಂದು ಹಲವು ಪಟ್ಟು ಹೆಚ್ಚಿವೆ. ಮೈಸೂರು ಮೃಗಾಲಯದಲ್ಲಿ ಜಿರಾಫೆಯನ್ನು ನೋಡಿ ಬೆಳೆದ ನಮಗೆ ಅದು ಬಯಲಿನ ಪ್ರಾಣಿಯೆಂಬುದು ಮನಸ್ಸಿನಲ್ಲಿ ಕೂತಿರುತ್ತದೆ. ಇಲ್ಲಿ ಅದು ಬಳ್ಳಿ ಸುತ್ತಿಕೊಂಡ ಕಾಡಿನ ಎಡೆಯಿಂದ ಕತ್ತು ಹೊರಹಾಕಿ ನಿಲ್ಲುತ್ತದೆ. ಮರಿಗಳನ್ನು ಹಿಡಿಯುವ ಸಿಂಹ ಇಲ್ಲದಿದ್ದಾಗ ಹುಟ್ಟಿದವುಗಳಲ್ಲಿ ಹೆಚ್ಚಿನವು ಬೆಳೆದು ದೊಡ್ಡವಾಗುತ್ತವೆ. ಸಂಖ್ಯೆ ಹೆಚ್ಚಿದರೆ ಮುಖ್ಯನೆಲದಲ್ಲಾದರೆ ಬೇರೆಡೆಗೆ ಹೋಗಬಹುದು. ಇಲ್ಲಿ ನಾಲ್ಕು ದಿಕ್ಕಿಗೂ ನೀರು. ಆನೆಗಳು ಮರದ ತೊಗಟೆ ಸುಲಿಯುತ್ತವೆ, ಎಳೆಯ ಮರಗಳನ್ನು ಮುರಿಯುತ್ತವೆ, ತೊಗಟೆ ಸುತ್ತಲೂ ಹೋದ ಮರ ಒಣಗಿ ಸಾಯುತ್ತದೆ, ಮರಕ್ಕೆ ಹಬ್ಬಿದ ಬಳ್ಳಿ ನೆಲಕ್ಕೆ ಬೀಳುತ್ತದೆ, ಆ ಬಳ್ಳಿಯ ಹಣ್ಣೇ ಚಿಂಪಾಂಜಿಯ ಊಟ. ಹೀಗೆ ಬೇರೆ ಬೇರೆ ವರ್ಷಗಳಲ್ಲಿ, ಒಂದರ ಮೇಲೆ ಇನ್ನೊಂದರ ಪರಿಣಾಮವನ್ನು ಲೆಕ್ಕ ಹಾಕದೆ ತಂದ ಪ್ರಾಣಿಗಳು ಒಂದೇ ಕಾಡಿನಲ್ಲಿ ಎದುರಾಗುತ್ತಿವೆ. ಇದರ ಜೊತೆಗೆ ರಕ್ತಸಂಬಂಧದ ಪ್ರಶ್ನೆಯೂ ಇದೆ: ಹನ್ನೆರಡು ಅಥವಾ ಆರು ಪ್ರಾಣಿಗಳಿಂದ ಬೆಳೆದ ಸಂತತಿಯಲ್ಲಿ, ಹೊರಗಿನಿಂದ ಹೊಸ ರಕ್ತ ಸೇರದಿದ್ದರೆ, ತಲೆಮಾರುಗಳು ಕಳೆದಂತೆ ವಂಶವಾಹಿಗಳ ವೈವಿಧ್ಯ ಕುಗ್ಗುತ್ತಾ ಹೋಗುತ್ತದೆ. ಮುಖ್ಯನೆಲದ ಉದ್ಯಾನಗಳಲ್ಲಿ ನಿಸರ್ಗಕ್ಕೇ ಬಿಡಬಹುದಾದ ಎಷ್ಟೋ ತೀರ್ಮಾನಗಳನ್ನು ಇಲ್ಲಿ ಉದ್ಯಾನದ ಆಡಳಿತವೇ ತೆಗೆದುಕೊಳ್ಳಬೇಕು.

ದ್ವೀಪದ ಮೂಲ ನಿವಾಸಿಗಳತ್ತ ಬಂದರೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸಿಟಟುಂಗ ಎಂಬ ಜೌಗಿನ ಜಿಂಕೆ. ಅದರ ಗೊರಸುಗಳು ಬೇರೆ ಜಿಂಕೆಗಳಂತೆ ಗಿಡ್ಡವಾಗಿ ಒಟ್ಟುಗೂಡಿರದೆ ಉದ್ದವಾಗಿ, ಎರಡು ಕಡೆಗೆ ಅಗಲವಾಗಿ ಬಿಚ್ಚಿಕೊಳ್ಳುತ್ತವೆ. ಆದ್ದರಿಂದ ತೇಲುವ ಜೊಂಡಿನ ಮೇಲೆ ಕಾಲಿಟ್ಟರೂ ಅದು ಹೂತುಹೋಗುವುದಿಲ್ಲ. ಗಟ್ಟಿನೆಲದಲ್ಲಿ ಅದೇ ಗೊರಸು ತೊಡಕು. ಅದರ ಓಟ ಅಂದಗೆಟ್ಟು ನಿಧಾನವಾಗುತ್ತದೆ. ಹೆದರಿದಾಗ ನೀರಿಗಿಳಿದು ಮೂಗಿನ ಹೊಳ್ಳೆ ಮಾತ್ರ ಹೊರಗಿಟ್ಟು ಮುಳುಗಿ ನಿಲ್ಲುತ್ತದೆ. ಬೇರೆ ದೇಶಗಳ ಜೌಗುಗಳಲ್ಲಿ ಇದನ್ನು ನೋಡಬೇಕಾದರೆ ಅಟ್ಟಣೆ ಹತ್ತಿ ಗಂಟೆಗಟ್ಟಲೆ ಕಾಯಬೇಕು. ರುಬೊಂಡೊದಲ್ಲಿ ಬೆನ್ನಟ್ಟುವ ಚಿರತೆ ಇಲ್ಲದ್ದರಿಂದ ಅದು ಜೊಂಡು ಬಿಟ್ಟು ಕಾಡಿನೊಳಕ್ಕೂ ಬರುತ್ತದೆ, ಅದರ ಹತ್ತಿರದ ಬಂಧುವಾದ ಬುಷ್‌ಬಕ್ ಜಿಂಕೆ ಓಡಾಡುವ ಜಾಗಗಳಲ್ಲೇ ಮೇಯುತ್ತದೆ. ಕಂದುಕೆಂಪು ಬಣ್ಣದ, ಕೊಂಬಿಲ್ಲದ ಹೆಣ್ಣು ಮತ್ತು ತಿರುಚಿದ ಕೊಂಬಿನ, ಗಾಢ ಬಣ್ಣದ ಗಂಡು ಎರಡನ್ನೂ ನಡೆದು ಹೋಗುವ ದಾರಿಯಲ್ಲೇ ಕಾಣುವ ಅವಕಾಶವಿರುವ ಸ್ಥಳಗಳು ಕಡಿಮೆ.

ಚುಕ್ಕೆಕತ್ತಿನ ನೀರುನಾಯಿಗಳು ದಡದ ಬಂಡೆಗಳ ಬಳಿ ಹಗಲಿನಲ್ಲೇ ಗುಂಪಾಗಿ ಮೀನು ಹಿಡಿಯುತ್ತವೆ. ಕಣ್ಣಿನಿಂದ ನೋಡಿ ಬೇಟೆಯಾಡುವ ಅವುಗಳಿಗೆ ತಿಳಿನೀರು ಬೇಕು. ಕೊಳಕು ಮತ್ತು ಪಾಚಿಯಿಂದ ಕಲಕಿಹೋದ ಸರೋವರದ ಬೇರೆ ಭಾಗಗಳಲ್ಲಿ ಅವು ಅಪರೂಪವಾಗುತ್ತಿವೆ. ಬಿಳಿ ತಲೆಯ ಆಫ್ರಿಕನ್ ಮೀನುಹದ್ದುಗಳಂತೂ ಇಲ್ಲಿ ಬಹಳ ಒತ್ತಾಗಿ ನೆಲೆಸಿವೆ. ದಡದುದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಜೋಡಿ ತನ್ನ ಗಡಿ ಹಿಡಿದು ಕೂಗುತ್ತಿರುತ್ತದೆ. ನೀರಾನೆ, ಮೊಸಳೆ, ಹೆಬ್ಬಾವು, ಉಡ ಎಲ್ಲವೂ ಉಂಟು.

ಉದ್ಯಾನದ ಗಡಿಯೊಳಗೆ ಇಷ್ಟು ನೀರನ್ನು ಏಕೆ ಸೇರಿಸಿದರು ಎಂಬುದಕ್ಕೆ ಉತ್ತರ ಮೀನಿನಲ್ಲಿದೆ. 1950ರ ದಶಕದಲ್ಲಿ ವಿಕ್ಟೋರಿಯಾ ಸರೋವರಕ್ಕೆ ನೈಲ್ ಪರ್ಚ್ ಎಂಬ ಬೇಟೆಮೀನನ್ನು ತಂದು ಬಿಟ್ಟರು. ತಾಂಜಾನಿಯಾದವರು ಅದನ್ನು ಸಂಗಾರ ಎನ್ನುತ್ತಾರೆ. ಎರಡು ಮೀಟರ್ ಉದ್ದಕ್ಕೂ ಬೆಳೆಯಬಲ್ಲ ಆ ಮೀನು 1980ರ ದಶಕದಲ್ಲಿ ಏಕಾಏಕಿ ಹೆಚ್ಚಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ನೂರಾರು ಜಾತಿಯ ಸಣ್ಣ ಸಿಕ್ಲಿಡ್ ಮೀನುಗಳನ್ನು ನುಂಗಿಹಾಕಿತು. ಅದೇ ಹೊತ್ತಿಗೆ ಮ್ವಾಂಜಾದಂತಹ ಊರುಗಳಲ್ಲಿ ಮೀನು ಸಂಸ್ಕರಣೆಯ ಕಾರ್ಖಾನೆಗಳನ್ನು ಎಬ್ಬಿಸಿ ಲಕ್ಷಾಂತರ ಜನರಿಗೆ ದುಡಿಮೆಯನ್ನೂ ಕೊಟ್ಟಿತು. ಈಗ ಸಣ್ಣ ಕಣ್ಣಿನ ಬಲೆಗಳಿಂದ ಮರಿಮೀನುಗಳೂ ಬಳಿದುಹೋಗಿ ಸಂಗಾರವೇ ಕಡಿಮೆಯಾಗುತ್ತಿದೆ. ರುಬೊಂಡೊ ಸುತ್ತಲಿನ ಜೊಂಡುಕೊಲ್ಲಿಗಳು ತಿಲಾಪಿಯಾ ಮತ್ತು ಸಂಗಾರ ಮೊಟ್ಟೆಯಿಟ್ಟು ಮರಿ ಬೆಳೆಸುವ ತಾಣಗಳು. ಪರವಾನಗಿ ಪಡೆದ ಗಾಳದ ಕ್ರೀಡೆಯನ್ನು ಬಿಟ್ಟರೆ ಅಲ್ಲಿ ಮೀನು ಹಿಡಿಯುವಂತಿಲ್ಲ. ಬೆಳೆದ ಮೀನು ಗಡಿ ದಾಟಿ ಹೊರಗಿನ ಬಲೆಗಳಿಗೆ ಬೀಳುತ್ತದೆ. ಕಾವಲು ದೋಣಿಗಳು ರಾತ್ರಿ ಹಗಲು ಸುತ್ತುವುದು ಮುಖ್ಯವಾಗಿ ಈ ನೀರಿಗಾಗಿ. ಆನೆ, ಚಿಂಪಾಂಜಿಗಳ ಬಗ್ಗೆ ಇಷ್ಟು ಬರೆದ ಮೇಲೂ, ಸುತ್ತಲಿನ ಜನರ ಬದುಕಿನ ದೃಷ್ಟಿಯಿಂದ ಈ ಉದ್ಯಾನದ ಅತಿ ಬೆಲೆಯುಳ್ಳ ಭಾಗ ಈ ನೀರೇ ಎಂದು ನಾನು ಭಾವಿಸುತ್ತೇನೆ.

ಹೋಗುವ ದಾರಿ ಎರಡು. ಅರುಷಾ, ಸೆರೆಂಗೆಟಿ ಅಥವಾ ಮ್ವಾಂಜಾದಿಂದ ಸಣ್ಣ ವಿಮಾನ ದ್ವೀಪದ ಪುಟ್ಟ ಓಡುದಾರಿಯಲ್ಲಿಳಿಯುತ್ತದೆ, ಖರ್ಚು ಹೆಚ್ಚು. ರಸ್ತೆಯಲ್ಲಿ ಬರುವವರು ಮುಗಾಂಜಾ ಊರಿನ ಹತ್ತಿರದ ಕಸೆಂಡಾ ದಡದಿಂದ ಉದ್ಯಾನದ ದೋಣಿ ಹತ್ತಿದರೆ ಅರ್ಧ ಗಂಟೆಯೊಳಗೆ ದ್ವೀಪ ಸಿಗುತ್ತದೆ; ಎನ್ಕೋಮೆಯಿಂದಾದರೆ ಸುಮಾರು ಎರಡು ಗಂಟೆ. ದಾಟುವ ಹೊತ್ತನ್ನು ಬೆಳಿಗ್ಗೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಗಲು ನೆಲ ಕಾದಾಗ ಗಾಳಿ ನೀರಿನಿಂದ ನೆಲದತ್ತ ಬೀಸಿ ಮಧ್ಯಾಹ್ನಕ್ಕೆ ಅಲೆ ಏಳುತ್ತದೆ. ರಾತ್ರಿ ನೆಲ ತಣಿದಾಗ ಸುತ್ತಲಿನ ದಡಗಳ ಗಾಳಿಯೆಲ್ಲ ಸರೋವರದ ನಡುವಿಗೆ ನುಗ್ಗಿ, ಬೆಚ್ಚಗಿನ ನೀರಿನ ತೇವವನ್ನು ಮೇಲಕ್ಕೊಯ್ದು ಸಿಡಿಲುಮಳೆಯನ್ನು ಹುಟ್ಟಿಸುತ್ತದೆ. ಇಲ್ಲಿನ ಮೀನುಗಾರರ ಜೀವಕ್ಕೆ ಕುತ್ತು ತರುವುದು ಈ ರಾತ್ರಿಯ ಬಿರುಗಾಳಿಗಳೇ. ಕಾಡಿನಲ್ಲಿ ನಡೆಯಲು ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ತಿಂಗಳುಗಳು ಅನುಕೂಲ. ಹಕ್ಕಿ, ಹೂವುಗಳಿಗಾಗಿ ಬರುವವರಿಗೆ ಡಿಸೆಂಬರ್‌ನಿಂದ ಫೆಬ್ರವರಿ. ಉಳಿಯಲು ಉದ್ಯಾನದ ಸರಳ ಕೋಣೆಗಳಿವೆ, ಖಾಸಗಿ ವಸತಿಯೂ ಇದೆ. ಸರಳ ಕೋಣೆಗಳಲ್ಲಿ ಉಳಿಯುವವರು ದಿನಸಿಯನ್ನು ಮುಖ್ಯನೆಲದಲ್ಲೇ ಕೊಂಡು ತರಬೇಕು, ದ್ವೀಪದಲ್ಲಿ ಪೇಟೆಯಿಲ್ಲ.

ಸಿಂಹವಿಲ್ಲದ ಕಾರಣ ಇಲ್ಲಿ ಕಾಲ್ನಡಿಗೆಗೆ ಹೆಚ್ಚು ಸ್ವಾತಂತ್ರ್ಯವಿದೆ, ಆದರೆ ಆನೆ ಮತ್ತು ನೀರಾನೆಗಳಿರುವುದರಿಂದ ಬಂದೂಕುಧಾರಿ ಕಾವಲುಗಾರರ ಜೊತೆಯಲ್ಲೇ ಹೋಗಬೇಕು. ದಡದ ಮರಳು ಎಷ್ಟೇ ಆಸೆ ಹುಟ್ಟಿಸಿದರೂ ನೀರಿಗಿಳಿಯಬಾರದು: ಮೊಸಳೆಗಳ ಜೊತೆಗೆ, ಬಸವನಹುಳುಗಳ ಮೂಲಕ ಹರಡಿ ಚರ್ಮದಿಂದಲೇ ದೇಹ ಹೊಗುವ ಬಿಲ್‌ಹಾರ್ಜಿಯಾ ಪರೋಪಜೀವಿ ಈ ಸರೋವರದಲ್ಲಿದೆ. ಕಾಡಿನಲ್ಲಿ ಸೆಟ್ಸೆ ನೊಣದ ಕಡಿತ ಖಚಿತವೆಂದೇ ತಿಳಿದು ಹೊರಡಬೇಕು. ಅದು ಕಡುನೀಲಿ ಮತ್ತು ಕಪ್ಪು ಬಣ್ಣಕ್ಕೆ ಆಕರ್ಷಿತವಾಗುವುದರಿಂದ ಮಣ್ಣುಬಣ್ಣದ, ದಪ್ಪನೆಯ ಉದ್ದ ತೋಳಿನ ಬಟ್ಟೆ ಬೇಕು. ಮಲೇರಿಯಾ ತಡೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ಆರಂಭಿಸಬೇಕು. ಬೆಂಗಳೂರಿನಿಂದ ಹೊರಟು ಕೀನ್ಯಾ, ಉಗಾಂಡಗಳಲ್ಲಿಯೂ ತಂಗಿ ಬರುವವರು ಪೀತಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನಗಳಾದರೂ ಮೊದಲು ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹಿಂತಿರುಗುವಾಗ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನಗಳವರೆಗಿನ ಪ್ರತ್ಯೇಕವಾಸಕ್ಕೆ ಒಳಗಾಗಬೇಕಾದೀತು.

ಚಿಂಪಾಂಜಿಗಳನ್ನು ಹುಡುಕಿ ಹೋಗುವುದಕ್ಕೆ ಬೇರೆ ಶುಲ್ಕವಿದೆ, ಬೇರೆ ಶಿಸ್ತೂ ಇದೆ. ಗೊಂಬೆಯ ಚಿಂಪಾಂಜಿಗಳು ಮನುಷ್ಯರ ಇರವಿಗೆ 1960ರ ದಶಕದಿಂದಲೇ ಒಗ್ಗಿಕೊಂಡಿವೆ. ರುಬೊಂಡೊದಲ್ಲಿ ಆ ಕೆಲಸ ಇತ್ತೀಚಿನದು, ವಿಶಾಲ ಕಾಡಿನಲ್ಲಿ ಚದುರಿದ ಸಣ್ಣ ಗುಂಪುಗಳನ್ನು ಹಿಂದಿನ ರಾತ್ರಿಯ ಗೂಡಿನಿಂದ ಜಾಡು ಹಿಡಿದು ಹುಡುಕಬೇಕು. ಎಷ್ಟೋ ಸಲ ಗೂಡು ಸಿಗುತ್ತದೆ, ಪ್ರಾಣಿ ಸಿಗುವುದಿಲ್ಲ. ಸಿಕ್ಕರೂ ದೂರ ಕಾಯ್ದುಕೊಳ್ಳಬೇಕು, ಮುಖಗವಸು ತೊಡಬೇಕು, ನೆಗಡಿಯ ಲಕ್ಷಣವಿದ್ದರೆ ಕಾಡಿಗೆ ಹೊರಡಲೇಬಾರದು. ನಮ್ಮ ಉಸಿರಾಟದ ವೈರಾಣುಗಳು ಅವುಗಳಿಗೂ ತಗಲುತ್ತವೆ. ಆಫ್ರಿಕಾದ ಬೇರೆ ಕಾಡುಗಳಲ್ಲಿ ಮನುಷ್ಯರಿಗೆ ಬರೀ ನೆಗಡಿ ತರುವ ವೈರಾಣುಗಳಿಂದ ಚಿಂಪಾಂಜಿಗಳು ಸತ್ತಿವೆ. ಮುಖ್ಯನೆಲದ ದೊಡ್ಡ ಕಾಡಿನಲ್ಲಿ ಒಂದು ಗುಂಪು ನಾಶವಾದರೆ ನೆರೆಯ ಗುಂಪಿನ ಹೆಣ್ಣುಗಳು ಬಂದು ಸೇರಿ ಮತ್ತೆ ಬೆಳೆಯುವ ಸಾಧ್ಯತೆಯಿದೆ. ಹದಿನೇಳರಿಂದ ಆರಂಭವಾಗಿ ಕೆಲವು ಡಜನ್‌ಗಳಿಗೆ ಬಂದು ನಿಂತ ಈ ದ್ವೀಪದ ಸಂತತಿಗೆ ಹೊರಗಿನಿಂದ ಬಂದು ಸೇರುವವರು ಯಾರೂ ಇಲ್ಲ. ಆದ್ದರಿಂದ ಕೆಮ್ಮಿರುವ ಪ್ರವಾಸಿಯನ್ನು ಕಾವಲುಗಾರರು ಶುಲ್ಕ ಕಟ್ಟಿದ ಮೇಲೂ ತಡೆದರೆ ವಾದಿಸದೆ ಅವರ ಮಾತನ್ನು ಒಪ್ಪಿ, ಆ ದಿನವನ್ನು ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಲು ಬಳಸಿಕೊಳ್ಳಬೇಕು.